ಸೀಮಿತ ಸರ್ಕಾರದ ಪಕ್ಷ ಕಟ್ಟುವ ಬಗೆ: ನೋಂದಣಿಯಿಂದ ಮತಗಟ್ಟೆಯವರೆಗೆ

ಸರ್ಕಾರ ಕೈಹಾಕುವ ಕೆಲಸಗಳು ಕಡಿಮೆಯಾಗಬೇಕು, ಕೈಹಾಕಿದ ಕೆಲಸ ಮಾತ್ರ ನೆಟ್ಟಗೆ ನಡೆಯಬೇಕು ಎಂಬ ನಿಲುವಿನ ಪಕ್ಷಕ್ಕೆ ನಮ್ಮ ದೇಶದಲ್ಲಿ ಜಾಗವೇ ಇಲ್ಲ ಎನ್ನುವವರು 1967ರ ಫಲಿತಾಂಶವನ್ನು ಮರೆತಿರುತ್ತಾರೆ. ಕಾಂಗ್ರೆಸ್ಸು ತನ್ನ ನಾಗಪುರ ಅಧಿವೇಶನದಲ್ಲಿ ಸಹಕಾರಿ ಬೇಸಾಯದ ನಿರ್ಣಯವನ್ನು ಅಂಗೀಕರಿಸಿದ 1959ರಲ್ಲೇ ಸಿ. ರಾಜಗೋಪಾಲಾಚಾರಿ, ಮಿನೂ ಮಸಾನಿ, ಎನ್.ಜಿ. ರಂಗಾ ಮೊದಲಾದವರು ಸ್ವತಂತ್ರ ಪಕ್ಷವನ್ನು ಕಟ್ಟಿದರು. ಅದು 1962ರಲ್ಲಿ ಲೋಕಸಭೆಯ 18 ಸ್ಥಾನಗಳನ್ನೂ 1967ರಲ್ಲಿ 44 ಸ್ಥಾನಗಳನ್ನೂ ಗೆದ್ದು ಸದನದ ಅತಿ ದೊಡ್ಡ ವಿರೋಧ ಪಕ್ಷವಾಯಿತು. ಅದೇ ವರ್ಷ ಮೈಸೂರು ರಾಜ್ಯದ ವಿಧಾನಸಭೆಗೂ ಅದರ 16 ಮಂದಿ ಆಯ್ಕೆಯಾಗಿದ್ದರು. ನಾಲ್ಕೇ ವರ್ಷಗಳಲ್ಲಿ, 1971ರ ಚುನಾವಣೆಯಲ್ಲಿ, ಅದು 8 ಸ್ಥಾನಕ್ಕೆ ಕುಸಿಯಿತು. 1974ರಲ್ಲಿ ಚರಣ್ ಸಿಂಗ್ ನೇತೃತ್ವದ ಭಾರತೀಯ ಲೋಕದಳದಲ್ಲಿ ವಿಲೀನವಾಯಿತು.

ಹೊಸದಾಗಿ ಇಂಥದೊಂದು ಪಕ್ಷ ಕಟ್ಟಲು ಹೊರಟವರು ಆ ಏರಿಳಿತವನ್ನು ಮೊದಲು ಅರ್ಥಮಾಡಿಕೊಳ್ಳಬೇಕು. ಸ್ವತಂತ್ರ ಪಕ್ಷದ ವಾದಗಳಲ್ಲಿ ಸತ್ವವಿತ್ತು. ಆದರೆ ಅದರ ಮತಗಳಲ್ಲಿ ದೊಡ್ಡ ಪಾಲು ಒಡಿಶಾ, ರಾಜಸ್ಥಾನ, ಗುಜರಾತುಗಳ ಹಳೆಯ ಅರಸು ಮನೆತನಗಳಿಂದ ಮತ್ತು ದೊಡ್ಡ ಹಿಡುವಳಿದಾರರಿಂದ ಎರವಲು ಬಂದದ್ದಾಗಿತ್ತು. ಇಂದಿರಾ ಗಾಂಧಿಯವರ ‘ಗರೀಬಿ ಹಟಾವೋ’ ಘೋಷಣೆಯ ಎದುರು ನಿಲ್ಲುವಾಗ ಮತಗಟ್ಟೆಯ ಮಟ್ಟದಲ್ಲಿ ಅದಕ್ಕೆ ತನ್ನದೆಂಬ ಜನ ಇರಲಿಲ್ಲ. ಸಿದ್ಧಾಂತದಲ್ಲಿ ಹೋಲಿಕೆಯೇ ಇಲ್ಲದ ಜನಸಂಘ, ಸಂಸ್ಥಾ ಕಾಂಗ್ರೆಸ್, ಸಂಯುಕ್ತ ಸೋಷಲಿಸ್ಟ್ ಪಕ್ಷಗಳ ಜೊತೆ ಅದು ಮೈತ್ರಿ ಮಾಡಿಕೊಂಡಿತು. ಮತದಾರನಿಗೆ ಅದರ ಪ್ರತ್ಯೇಕ ಮುಖವೇ ಕಾಣದಂತಾಯಿತು. ಆದ್ದರಿಂದ ಈ ಮಾರ್ಗದರ್ಶಿ ಹಿಡಿಯುವ ದಾರಿ ಬೇರೆ: ಪ್ರಭಾವಿಗಳಿಂದ ಕೆಳಗಿಳಿಯದೆ, ಕಚೇರಿಗಳ ಮುಂದೆ ಅಲೆಯುವ ಜನರಿಂದ ಮೇಲಕ್ಕೆ ಬರುವುದು, ಮತ್ತು ಮೊದಲ ಎರಡು ಚುನಾವಣೆಗಳಲ್ಲಿ ಅಧಿಕಾರದ ಲೆಕ್ಕವನ್ನು ಬಿಟ್ಟು ಕಾರ್ಯಸೂಚಿಯ ಲೆಕ್ಕ ಹಾಕುವುದು.

ಪಕ್ಷಕ್ಕಿಂತ ಮೊದಲು ದೂರು

‘ಕನಿಷ್ಠ ಸರ್ಕಾರ’, ‘ಆರ್ಥಿಕ ಸ್ವಾತಂತ್ರ್ಯ’ ಎಂಬ ಮಾತುಗಳಿಂದ ಸಭಾಂಗಣ ತುಂಬೀತು, ಮತಪೆಟ್ಟಿಗೆ ತುಂಬದು. ಮತದಾರ ಸರ್ಕಾರವನ್ನು ಕಾಣುವುದು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ, ನಗರಸಭೆಯ ಕಂದಾಯ ವಿಭಾಗದಲ್ಲಿ, ಉಪನೋಂದಣಿ ಕಚೇರಿಯ ಬೆಂಚಿನಲ್ಲಿ. ಹೀಗಾಗಿ ಪಕ್ಷದ ಹೆಸರು, ಬಾವುಟಗಳ ಬಗ್ಗೆ ಚರ್ಚೆ ಶುರುವಾಗುವ ಮೊದಲೇ ಸಂಸ್ಥಾಪಕರು ಒಂದೊಂದು ಅರ್ಜಿಯ ಬೆನ್ನು ಹಿಡಿದು ಅರ್ಜಿದಾರನ ಜೊತೆ ಕೊನೆಯವರೆಗೆ ನಡೆಯಬೇಕು.

ಉದಾಹರಣೆಗೆ, ಶಿರಾ ತಾಲ್ಲೂಕಿನ ರೈತನೊಬ್ಬ ತನ್ನ ಹತ್ತು ಗುಂಟೆ ಜಮೀನಿನಲ್ಲಿ ಹಾಲೋಬ್ಲಾಕ್ ಇಟ್ಟಿಗೆಯ ಸಣ್ಣ ಘಟಕ ಹಾಕಬೇಕೆನ್ನುತ್ತಾನೆ ಎಂದುಕೊಳ್ಳಿ. ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂ ಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ, ಬೇಕಾಗಬಹುದು. ಅದಕ್ಕೆ ಪಹಣಿ, ಮ್ಯುಟೇಶನ್, ನಕ್ಷೆ ಎಲ್ಲವೂ ಒಂದಕ್ಕೊಂದು ತಾಳೆಯಾಗಬೇಕು. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ ಪೌತಿ ಖಾತೆಯಿಂದ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಕೆಲಸ ಆರಂಭ. ಪರಿವರ್ತನೆಯ ಆದೇಶ ಕೈಗೆ ಬಂದ ಮೇಲೆ ಗ್ರಾಮ ಪಂಚಾಯಿತಿಯ ಪರವಾನಗಿ, ಅನಂತರ ಬೆಸ್ಕಾಂ ಸಂಪರ್ಕ. ಅಫಿಡವಿಟ್ ಆಧಾರದ ಮೇಲೆ ಪರಿವರ್ತನೆ ಕೊಡುವ ಆನ್‌ಲೈನ್ ವ್ಯವಸ್ಥೆ ಬಂದಿದೆ ನಿಜ, ಆದರೆ ಆ ವ್ಯವಸ್ಥೆಗೆ ಹಾಕಬೇಕಾದ ಕಾಗದಗಳು ಹುಟ್ಟುವುದು ಹಳೆಯ ಮೇಜುಗಳಲ್ಲೇ. ಈ ದಾರಿಯಲ್ಲಿ ಎಷ್ಟು ಮೇಜುಗಳಿವೆ, ಯಾವ ಕಾಗದವನ್ನು ಎರಡು ಸಲ ಕೇಳುತ್ತಾರೆ, ಯಾವ ಅನುಮತಿಯಿಂದ ನೆರೆಹೊರೆಯವರಿಗೆ ನಿಜವಾದ ರಕ್ಷಣೆ ಇದೆ, ಯಾವುದರಿಂದ ಯಾರಿಗೂ ಏನೂ ಇಲ್ಲ ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದಿಡಿ. ಉದ್ದಿಮೆ ಪರವಾನಗಿ, ಖಾತಾ ಬದಲಾವಣೆ, ಮನೆ ಕಟ್ಟುವ ನಕ್ಷೆಗೆ ಮಂಜೂರಾತಿ ಇವುಗಳಿಗೂ ಇಂಥದೇ ಹಾಳೆಗಳು ಬೇಕು. ಇವು ಕೈಯಲ್ಲಿದ್ದರೆ ಪ್ರಣಾಳಿಕೆ ತಾನಾಗಿಯೇ ಬರೆಸಿಕೊಳ್ಳುತ್ತದೆ. ‘ಅಧಿಕಾರಶಾಹಿಯನ್ನು ಕಡಿತಗೊಳಿಸುತ್ತೇವೆ’ ಎನ್ನುವ ಬದಲು ‘ಈ ಮೂರು ಅನುಮತಿಗಳನ್ನು ತೆಗೆದುಹಾಕುತ್ತೇವೆ, ಈ ಒಂದನ್ನು ಉಳಿಸುತ್ತೇವೆ’ ಎಂದು ಹೇಳಲು ಬರುತ್ತದೆ.

ಕರ್ನಾಟಕದಲ್ಲಿ ಈ ಭಾವನೆಗೆ ಹಳ್ಳಿಯ ಬೇರೇ ಇದೆ. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದದ ರೈತರು ಅಭಿವೃದ್ಧಿ ಕರದ ವಿರುದ್ಧ ಬೀದಿಗಿಳಿದರು. ಮುಂದೆ ರೈತ ಸಂಘ ಬೆಳೆದಾಗ, ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂಬ ಫಲಕಗಳು ಊರ ಬಾಗಿಲಲ್ಲೇ ನಿಂತವು. ಸರ್ಕಾರದ ಕೈಯನ್ನು ದೂರ ಇಡಬೇಕೆಂಬ ಮಾತಿಗೆ ಇದಕ್ಕಿಂತ ನೇರವಾದ ಬರಹ ಸಿಗುವುದು ಕಷ್ಟ. ಆದರೆ ಅದೇ ರೈತ ಬೆಂಬಲ ಬೆಲೆಯನ್ನೂ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ತನ್ನೂ ಕೇಳುತ್ತಾನೆ ಎಂಬುದನ್ನು ಮರೆಯಬಾರದು. ಮುಕ್ತ ವ್ಯಾಪಾರದ ಪ್ರಶ್ನೆಯ ಮೇಲೆ ರೈತ ಸಂಘದ ಎಂ.ಡಿ. ನಂಜುಂಡಸ್ವಾಮಿ ಮತ್ತು ಮಹಾರಾಷ್ಟ್ರದ ರೈತ ನಾಯಕ ಶರದ್ ಜೋಶಿ ಎದುರುಬದುರಾದದ್ದು ಈ ಬಿರುಕಿನಲ್ಲೇ. ಜೋಶಿ ಮುಂದೆ ಸ್ವತಂತ್ರ ಭಾರತ ಪಕ್ಷ ಕಟ್ಟಿದರು. ನಂಜುಂಡಸ್ವಾಮಿಯವರು ಗ್ಯಾಟ್ ವ್ಯಾಪಾರ ಒಪ್ಪಂದದ ಡಂಕೆಲ್ ಪ್ರಸ್ತಾವದ ವಿರುದ್ಧ ಹೋರಾಡಿದರು.

ಗ್ಯಾರಂಟಿಗಳ ಬಗ್ಗೆಯೂ ಮೊದಲೇ ನಿಲುವು ತೆಗೆದುಕೊಳ್ಳಬೇಕು, ಏಕೆಂದರೆ ಮೊದಲ ಪತ್ರಿಕಾಗೋಷ್ಠಿಯಲ್ಲೇ ಆ ಪ್ರಶ್ನೆ ಬರುತ್ತದೆ. ರಾಜ್ಯದ ಐದು ಗ್ಯಾರಂಟಿಗಳಿಗೆ ಬಜೆಟ್ಟಿನಲ್ಲಿ ವರ್ಷಕ್ಕೆ ಐವತ್ತು ಸಾವಿರ ಕೋಟಿ ರೂಪಾಯಿ ಮೀರಿದ ಮೊತ್ತ ಇಡಲಾಗುತ್ತಿದೆ. ಅವನ್ನು ರದ್ದು ಮಾಡುತ್ತೇವೆಂದು ಹೊರಡುವ ಹೊಸ ಪಕ್ಷ ಎರಡನೆಯ ಸಭೆ ನಡೆಸುವ ಅಗತ್ಯವಿಲ್ಲ. ನನ್ನ ಅಭಿಪ್ರಾಯ ಕೇಳುವುದಾದರೆ, ಮನೆಯ ಯಜಮಾನಿಯ ಖಾತೆಗೆ ನೇರವಾಗಿ ಬೀಳುವ 2,000 ರೂಪಾಯಿ, ಹತ್ತು ಇಲಾಖೆಗಳ ಮೂಲಕ ಸೋರುತ್ತಾ ಇಳಿಯುವ ಸಹಾಯಧನಕ್ಕಿಂತ ಸೀಮಿತ ಸರ್ಕಾರದ ತತ್ವಕ್ಕೆ ಹತ್ತಿರವಾದದ್ದು. ನಷ್ಟದಲ್ಲಿರುವ ನಿಗಮ, ಮಂಡಳಿಗಳಿಂದ ವೆಚ್ಚ ಕಡಿತದ ಮಾತು ಆರಂಭವಾಗಲಿ.

ನೋಂದಣಿ

ಸರ್ಕಾರದ ಕಾಗದಗಳು ಕಡಿಮೆಯಾಗಬೇಕೆನ್ನುವ ಪಕ್ಷ ಹುಟ್ಟುವುದೇ ಕಾಗದಗಳ ರಾಶಿಯಿಂದ. ವಿಪರ್ಯಾಸವೆನಿಸಿದರೂ ಇದರಲ್ಲಿ ಅಡ್ಡದಾರಿಯಿಲ್ಲ. ಜನಪ್ರತಿನಿಧಿ ಕಾಯ್ದೆಯ 29ಎ ಕಲಮಿನ ಪ್ರಕಾರ ಪಕ್ಷ ಸ್ಥಾಪನೆಯಾದ 30 ದಿನಗಳೊಳಗೆ ಅರ್ಜಿ ದೆಹಲಿಯ ಚುನಾವಣಾ ಆಯೋಗವನ್ನು ತಲುಪಬೇಕು. ಆದ್ದರಿಂದ ಸ್ಥಾಪನಾ ಸಭೆಯನ್ನು ಉತ್ಸಾಹದಲ್ಲಿ ಮೊದಲು ನಡೆಸಿ ಆಮೇಲೆ ದಾಖಲೆ ಹುಡುಕುವುದು ತಪ್ಪು ಕ್ರಮ. ದಾಖಲೆಗಳೆಲ್ಲ ಸಿದ್ಧವಾದ ಮೇಲೆ ಸಭೆ ಕರೆದು, ನಿರ್ಣಯ ಬರೆದು, ಆ ವಾರವೇ ಅರ್ಜಿ ಕಳುಹಿಸುವುದು ಸರಿಯಾದ ಕ್ರಮ. ಜೊತೆಗೆ 10,000 ರೂಪಾಯಿಯ ಡಿ.ಡಿ., ಪಕ್ಷದ ನಿಯಮಾವಳಿ, ಬ್ಯಾಂಕ್ ಖಾತೆ ಮತ್ತು ಪ್ಯಾನ್ ವಿವರ, ಕೇಂದ್ರ ಕಚೇರಿಯ ಕಟ್ಟಡ ಬಾಡಿಗೆಯದಾದರೆ ಮಾಲೀಕರ ಒಪ್ಪಿಗೆ ಪತ್ರ ಇರಬೇಕು. ಹೆಸರು ಈಗಿರುವ ಪಕ್ಷಗಳ ಹೆಸರನ್ನು ಹೋಲಬಾರದು. ಧರ್ಮ, ಜಾತಿಯ ಸೂಚನೆಯೂ ಅದರಲ್ಲಿ ಇರಬಾರದು.

ಹೆಚ್ಚು ಕಾಲ ತಿನ್ನುವುದು ನೂರು ಸದಸ್ಯರ ಅಫಿಡವಿಟ್ಟುಗಳು. ಕನಿಷ್ಠ ನೂರು ಮಂದಿ, ಒಬ್ಬೊಬ್ಬರೂ ನೋಂದಾಯಿತ ಮತದಾರರೆಂದೂ ಬೇರೆ ಯಾವ ನೋಂದಾಯಿತ ಪಕ್ಷದ ಸದಸ್ಯರೂ ಅಲ್ಲವೆಂದೂ ನೋಟರಿಯ ಮುಂದೆ ಪ್ರಮಾಣ ಮಾಡಬೇಕು, ಮತದಾರರ ಪಟ್ಟಿಯ ಪ್ರತಿಯನ್ನೂ ಲಗತ್ತಿಸಬೇಕು. ಆಧಾರಿನಲ್ಲಿ ‘ಮಂಜುನಾಥ ಎಚ್.ಎಸ್.’ ಎಂದಿದ್ದವರು ಮತದಾರರ ಪಟ್ಟಿಯಲ್ಲಿ ‘ಮಂಜುನಾಥ್ ಶಿವಣ್ಣ’ ಆಗಿರುವುದುಂಟು; ಅಫಿಡವಿಟ್ಟಿನಲ್ಲಿ ಪಟ್ಟಿಯಲ್ಲಿದ್ದಂತೆಯೇ ಬರೆಯಬೇಕು. ಮಿಸ್ಡ್ ಕಾಲ್ ಕೊಟ್ಟು ಯಾವುದೋ ಪಕ್ಷದ ಸದಸ್ಯರಾಗಿ ಅದನ್ನು ಮರೆತೇಬಿಟ್ಟವರೂ ನಮ್ಮ ನಡುವೆ ಇದ್ದಾರೆ, ಅವರಿಂದ ಮೊದಲು ರಾಜೀನಾಮೆ ಪತ್ರ ಬರೆಸಿಕೊಳ್ಳಿ. ನೂರಕ್ಕೆ ನೂರೇ ತಂದರೆ ಒಂದು ತಿರಸ್ಕೃತವಾದರೂ ಅರ್ಜಿ ನಿಲ್ಲುತ್ತದೆ. ನೂರಮೂವತ್ತು ಅಫಿಡವಿಟ್ಟುಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು ವಿವೇಕ.

ನಿಯಮಾವಳಿಯಲ್ಲಿ ಈ ವಿಚಾರದ ಜನರನ್ನು ತಡೆದು ನಿಲ್ಲಿಸುವ ಒಂದು ವಾಕ್ಯವಿದೆ. ಸಂವಿಧಾನಕ್ಕೂ, ಸಮಾಜವಾದ, ಜಾತ್ಯತೀತತೆ ಹಾಗೂ ಪ್ರಜಾಪ್ರಭುತ್ವದ ತತ್ವಗಳಿಗೂ ಪಕ್ಷ ನಿಷ್ಠವಾಗಿರುತ್ತದೆ, ದೇಶದ ಸಾರ್ವಭೌಮತೆ, ಏಕತೆ, ಸಮಗ್ರತೆಯನ್ನು ಎತ್ತಿಹಿಡಿಯುತ್ತದೆ ಎಂದು ಬರೆಯುವುದನ್ನು ಕಾಯ್ದೆ ಕಡ್ಡಾಯ ಮಾಡಿದೆ. ಸಮಾಜವಾದವನ್ನು ವಿರೋಧಿಸಲೆಂದೇ ಪಕ್ಷ ಕಟ್ಟುವವರು ಅದಕ್ಕೆ ಪ್ರಮಾಣ ಮಾಡುವುದು ಹೇಗೆ? ಸ್ವತಂತ್ರ ಪಕ್ಷದ ಪರಂಪರೆಯವರು 1990ರ ದಶಕದಲ್ಲಿ ಇದೇ ಪ್ರಶ್ನೆಯನ್ನು ಹಿಡಿದು ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದರು. ವಾಕ್ಯ ಇಂದಿಗೂ ಇದ್ದಂತೆಯೇ ಇದೆ. ಆದರೆ 2024ರ ನವೆಂಬರಿನಲ್ಲಿ, ಸಂವಿಧಾನದ ಪೀಠಿಕೆಯಿಂದ ಆ ಪದವನ್ನು ತೆಗೆಯಬೇಕೆಂಬ ಅರ್ಜಿಗಳನ್ನು ವಜಾ ಮಾಡುವಾಗ, ಭಾರತದ ಸಂದರ್ಭದಲ್ಲಿ ಸಮಾಜವಾದವೆಂದರೆ ಮುಖ್ಯವಾಗಿ ಕಲ್ಯಾಣ ರಾಜ್ಯ, ಅದು ಖಾಸಗಿ ಉದ್ಯಮಕ್ಕೆ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ ವಿವರಿಸಿದೆ. ಈ ವಿವರಣೆಯ ಬೆಳಕಿನಲ್ಲಿ, ಬಡವನ ಕೈ ಬಿಡದ ಸೀಮಿತ ಸರ್ಕಾರವಾದಿಯೊಬ್ಬ ಆತ್ಮವಂಚನೆಯಿಲ್ಲದೆ ಸಹಿ ಹಾಕಬಹುದೆಂದು ನಾನು ತಿಳಿಯುತ್ತೇನೆ. ಒಪ್ಪದವರು ಕೋರ್ಟಿಗೆ ಹೋಗಲಿ, ಆದರೆ ಅರ್ಜಿಯಲ್ಲಿ ಆ ವಾಕ್ಯದ ಒಂದು ಪದವನ್ನೂ ತಿದ್ದಬಾರದು. ತಿದ್ದಿದ ಅರ್ಜಿ ಹಾಗೆಯೇ ಮರಳಿ ಬರುತ್ತದೆ.

ಪದಾಧಿಕಾರಿಗಳ ಆಯ್ಕೆಗೆ ಐದು ವರ್ಷ ಮೀರದ ಅವಧಿಯಲ್ಲಿ ಆಂತರಿಕ ಚುನಾವಣೆ, ಪ್ರತಿ ವರ್ಷ ಲೆಕ್ಕಪರಿಶೋಧನೆ, ನೋಂದಣಿಯಾದ ಐದು ವರ್ಷಗಳೊಳಗೆ ಆಯೋಗ ನಡೆಸುವ ಚುನಾವಣೆಯಲ್ಲಿ ಸ್ಪರ್ಧೆ, ಇವೂ ನಿಯಮಾವಳಿಯಲ್ಲಿ ಇರಬೇಕು. ಆಮೇಲೆ ಎರಡು ರಾಷ್ಟ್ರೀಯ ಮತ್ತು ಎರಡು ಸ್ಥಳೀಯ ದಿನಪತ್ರಿಕೆಗಳಲ್ಲಿ ಎರಡು ದಿನ ಪ್ರಕಟಣೆ ಕೊಟ್ಟು 30 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು. ಈ ಜಾಹೀರಾತುಗಳ ಖರ್ಚು ಅರ್ಜಿ ಶುಲ್ಕಕ್ಕಿಂತ ಬಹಳ ಹೆಚ್ಚು ಎಂಬುದು ನೆನಪಿರಲಿ. ನೋಂದಣಿ ಪಡೆದು ಸುಮ್ಮನಿರುವುದು ಈಗ ಸಾಧ್ಯವಿಲ್ಲ. 2019ರಿಂದ ಆರು ವರ್ಷ ಒಂದು ಚುನಾವಣೆಯಲ್ಲೂ ಸ್ಪರ್ಧಿಸದ 334 ಪಕ್ಷಗಳನ್ನು ಆಯೋಗ 2025ರ ಆಗಸ್ಟಿನಲ್ಲಿ ಪಟ್ಟಿಯಿಂದ ತೆಗೆದುಹಾಕಿತು, ಮರುತಿಂಗಳೇ ಇನ್ನೂ 474 ಪಕ್ಷಗಳನ್ನು ತೆಗೆಯಿತು.

ಹಣ

ಇಲ್ಲಿ ನಿಯಮಗಳು ಸರಳ, ಪಾಲನೆ ಕಷ್ಟ. ಆದಾಯ ತೆರಿಗೆಯ ವಿನಾಯಿತಿ ಉಳಿಯಬೇಕಾದರೆ ಒಬ್ಬರಿಂದ 2,000 ರೂಪಾಯಿಗಿಂತ ಹೆಚ್ಚು ನಗದು ದೇಣಿಗೆ ಪಡೆಯಬಾರದು. 20,000 ರೂಪಾಯಿ ಮೀರಿದ ದೇಣಿಗೆಗಳ ಪಟ್ಟಿಯನ್ನು ವರ್ಷವರ್ಷವೂ ಆಯೋಗಕ್ಕೆ ಕೊಡಬೇಕು. ಚುನಾವಣಾ ಬಾಂಡ್ 2024ರ ಫೆಬ್ರವರಿಯಲ್ಲೇ ರದ್ದಾಗಿದೆ. ಇಂಥ ಪಕ್ಷಗಳ ಮೇಲೆ ಹೊರದೇಶದ ಕನ್ನಡಿಗರಿಗೆ ಒಲವು ಹೆಚ್ಚು, ಆದ್ದರಿಂದ ಒಂದು ಎಚ್ಚರಿಕೆ ಬೇಕು: ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಅನಿವಾಸಿಗಳು ದೇಣಿಗೆ ಕೊಡಬಹುದು, ಆದರೆ ಒಸಿಐ ಕಾರ್ಡ್ ಇರುವವರು ಕಾನೂನಿನ ಕಣ್ಣಿನಲ್ಲಿ ವಿದೇಶಿ ಪ್ರಜೆಗಳು, ಅವರ ಹಣವನ್ನು ಮುಟ್ಟುವಂತಿಲ್ಲ. ಕ್ಯಾಲಿಫೋರ್ನಿಯಾದ ಅಳಿಯ ಪ್ರೀತಿಯಿಂದ ಕಳುಹಿಸಿದ್ದು ಎಂಬ ಸಮಜಾಯಿಷಿಗೆ ಬೆಲೆಯಿಲ್ಲ.

ಎಲ್ಲಿ ಸ್ಪರ್ಧಿಸಬೇಕು

ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷಾತೀತ, ಅಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಆದರೂ ಕಾರ್ಯಕರ್ತರು ಅಲ್ಲಿ ನಿಂತು ಊರಿನ ಪರಿಚಯ ಗಳಿಸಲಿ. ನಗರಸಭೆ, ಪಾಲಿಕೆಗಳು ಈ ಪಕ್ಷಕ್ಕೆ ಸಹಜವಾದ ಮೊದಲ ಮೆಟ್ಟಿಲು: ಆಸ್ತಿ ತೆರಿಗೆ, ಖಾತಾ, ಉದ್ದಿಮೆ ಪರವಾನಗಿ ಇವೆಲ್ಲ ಅಲ್ಲೇ ತೀರ್ಮಾನವಾಗುತ್ತವೆ, ವಾರ್ಡೂ ಚಿಕ್ಕದು. ಕಷ್ಟವೆಂದರೆ ಆ ಚುನಾವಣೆಗಳು ಹೊತ್ತಿಗೆ ಸರಿಯಾಗಿ ನಡೆಯುವುದೇ ಇಲ್ಲ. ಬೆಂಗಳೂರಿನ ಪಾಲಿಕೆಗೆ 2015ರಲ್ಲಿ ಆಯ್ಕೆಯಾದವರ ಅವಧಿ 2020ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಆಳ್ವಿಕೆಯೇ ನಡೆದದ್ದು ಎಲ್ಲರಿಗೂ ಗೊತ್ತಿದೆ. ಅಧಿಕಾರ ಕೆಳಗಿಳಿಯಬೇಕೆನ್ನುವ ಪಕ್ಷಕ್ಕೆ ಸಕಾಲದ ಸ್ಥಳೀಯ ಚುನಾವಣೆಯ ಬೇಡಿಕೆಯೇ ಮೊದಲ ಆಂದೋಲನವಾಗಬಹುದು.

ಯಾರೂ ಹೆಚ್ಚು ಗಮನಿಸದ ಇನ್ನೊಂದು ಬಾಗಿಲು ವಿಧಾನ ಪರಿಷತ್ತಿನ ಏಳು ಪದವೀಧರ ಕ್ಷೇತ್ರಗಳು. ಅಲ್ಲಿ ಆದ್ಯತಾ ಮತದ ಪದ್ಧತಿ ಇರುವುದರಿಂದ ‘ನಿಮಗೆ ಹಾಕಿದರೆ ಮತ ವ್ಯರ್ಥ’ ಎಂಬ ಮಾತು ನಡೆಯುವುದಿಲ್ಲ, ಮತದಾರ ಎರಡನೆಯ ಆದ್ಯತೆಯನ್ನು ದೊಡ್ಡ ಪಕ್ಷಕ್ಕೆ ಕೊಡಬಹುದು. ಮತದಾರರ ಪಟ್ಟಿಯನ್ನು ಪ್ರತಿ ಸಲವೂ ಹೊಸದಾಗಿ ತಯಾರಿಸುತ್ತಾರೆ, ಹಾಗಾಗಿ ಪದವೀಧರರಿಂದ ನಮೂನೆ 18 (ಮತದಾರರಾಗಿ ಸೇರುವ ಅರ್ಜಿ) ತುಂಬಿಸುವ ಕೆಲಸದಲ್ಲಿ ಶ್ರಮಪಟ್ಟ ಪಕ್ಷಕ್ಕೆ ನೇರ ಲಾಭ.

ವಿಧಾನಸಭೆಯ ಲೆಕ್ಕಾಚಾರದಲ್ಲಿ ಚಿಹ್ನೆಯೇ ಮುಖ್ಯ. ಮಾನ್ಯತೆ ಇಲ್ಲದ ನೋಂದಾಯಿತ ಪಕ್ಷಕ್ಕೆ ಸ್ವಂತ ಚಿಹ್ನೆ ಇರುವುದಿಲ್ಲ. ಆದರೆ ಒಟ್ಟು ಸ್ಥಾನಗಳಲ್ಲಿ ಕನಿಷ್ಠ ಶೇ 5ರಷ್ಟರಲ್ಲಿ ಅಭ್ಯರ್ಥಿಗಳನ್ನು ನಿಲ್ಲಿಸುವುದಾದರೆ ಎಲ್ಲರಿಗೂ ಒಂದೇ ಚಿಹ್ನೆ ಕೇಳಬಹುದು. 224ರಲ್ಲಿ ಹನ್ನೆರಡು ಕ್ಷೇತ್ರವೆಂದು ಹಿಡಿದುಕೊಂಡರೆ ಕ್ಷೇಮ. ಸದನದ ಅವಧಿ ಮುಗಿಯುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಮೊದಲ ವಾರವೇ ಹಾಕಿ. ತಡಮಾಡಿದವರಿಗೆ ಕ್ಷೇತ್ರಕ್ಕೊಂದು ಚಿಹ್ನೆ ಬಂದರೆ ಒಂದು ಊರಿನ ಕರಪತ್ರ ಪಕ್ಕದ ಊರಿಗೆ ಉಪಯೋಗವಿಲ್ಲ. ಹನ್ನೆರಡೂ ಕ್ಷೇತ್ರಗಳು ಆದಷ್ಟೂ ಅಕ್ಕಪಕ್ಕ ಇರಲಿ. 224 ಕಡೆಯೂ ನಿಲ್ಲುತ್ತೇವೆಂಬ ಹಠ ಪ್ರತಿ ಹೊಸ ಪಕ್ಷಕ್ಕೂ ಬರುವ ಕಾಯಿಲೆ.

ನಾಮಪತ್ರಕ್ಕೆ ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ನಿಮ್ಮ ಅಭ್ಯರ್ಥಿಗೆ ಅದೇ ಕ್ಷೇತ್ರದ ಹತ್ತು ಮಂದಿ ಬೇಕು. ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ ಅದರಲ್ಲಿ ಅರ್ಧ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗ ಮೀರದಿದ್ದರೆ ಅದು ಹೋಯಿತು. ಇವರು ನಮ್ಮ ಅಧಿಕೃತ ಅಭ್ಯರ್ಥಿ ಎಂದು ಪಕ್ಷ ತಿಳಿಸುವ ಎ ಮತ್ತು ಬಿ ಫಾರಂಗಳು ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಚುನಾವಣಾಧಿಕಾರಿಯ ಕೈಸೇರದಿದ್ದರೆ ಅಭ್ಯರ್ಥಿ ಪಕ್ಷೇತರನಾಗುತ್ತಾನೆ. ಮತಯಂತ್ರದಲ್ಲಿ ಮಾನ್ಯತೆ ಪಡೆದ ಪಕ್ಷಗಳವರ ಹೆಸರು ಮೊದಲು, ನೋಂದಾಯಿತ ಪಕ್ಷಗಳವರದು ಆಮೇಲೆ, ಪಕ್ಷೇತರರದು ಕೊನೆಗೆ ಬರುತ್ತದೆ.

ಚುನಾವಣೆಯಲ್ಲಿ ನಿಜವಾದ ಪಾತ್ರ

ಹೆಚ್ಚು ಮತ ಪಡೆದವನೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಶೇ 3 ಮತ ಪಡೆದ ಪಕ್ಷಕ್ಕೆ ಸ್ಥಾನ ಸಿಗುವುದಿಲ್ಲ, ಆದರೆ ತೂಕ ಸಿಗಬಹುದು. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರ ಒಂದು ಮತದಿಂದ, 2023ರಲ್ಲಿ ಬೆಂಗಳೂರಿನ ಜಯನಗರ 16 ಮತಗಳಿಂದ ತೀರ್ಮಾನವಾದವು. ಇಂಥ ಕ್ಷೇತ್ರಗಳಲ್ಲಿ ಐನೂರು ನಿಷ್ಠ ಮತದಾರರಿರುವ ಪಕ್ಷದ ಪತ್ರಕ್ಕೆ ಉತ್ತರ ಬರುತ್ತದೆ. ಆದ್ದರಿಂದ ಅಧಿಸೂಚನೆಗೆ ಮೊದಲೇ, ಮೊದಲು ಬರೆದಿಟ್ಟ ಅನುಮತಿಗಳ ಹಾಳೆಗಳ ಆಧಾರದ ಮೇಲೆ ನಾಲ್ಕೈದು ಖಚಿತ ಪ್ರಶ್ನೆಗಳನ್ನು ಎಲ್ಲ ಪ್ರಮುಖ ಅಭ್ಯರ್ಥಿಗಳಿಗೂ ಲಿಖಿತವಾಗಿ ಕಳುಹಿಸಿ, ಬಂದ ಉತ್ತರವನ್ನೂ ಬಾರದ ಮೌನವನ್ನೂ ಕ್ಷೇತ್ರದಲ್ಲಿ ಪ್ರಕಟಿಸಿ. ನಿಮ್ಮ ಬೇಡಿಕೆಯನ್ನು ದೊಡ್ಡ ಪಕ್ಷ ಕದ್ದು ತನ್ನ ಪ್ರಣಾಳಿಕೆಗೆ ಸೇರಿಸಿಕೊಂಡರೆ ಕೋಪಿಸಿಕೊಳ್ಳಬೇಡಿ, ಅದೇ ಮೊದಲ ಗೆಲುವು. ಆದರೆ ಕೊನೆಯ ಗಳಿಗೆಯಲ್ಲಿ ಒಬ್ಬರ ಪರವಾಗಿ ಕಣದಿಂದ ಹಿಂದೆ ಸರಿದರೆ, ಕಾರಣ ಎಷ್ಟೇ ಶುದ್ಧವಾಗಿದ್ದರೂ ಊರು ಅದನ್ನು ಹಣದ ಲೆಕ್ಕದಲ್ಲೇ ಅರ್ಥಮಾಡಿಕೊಳ್ಳುತ್ತದೆ.

ಒಬ್ಬರು ಗೆದ್ದೇಬಿಟ್ಟರೆ? ಆಗಲೇ ನಿಜವಾದ ಅಪಾಯ. 2018ರಲ್ಲಿ ರಾಣೆಬೆನ್ನೂರಿನಿಂದ ಕೆಪಿಜೆಪಿಯ (ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷ) ಏಕೈಕ ಶಾಸಕರಾಗಿ ಗೆದ್ದ ಆರ್. ಶಂಕರ್ ಸಚಿವರಾದರು, ಪಕ್ಷವನ್ನು ಕಾಂಗ್ರೆಸ್ಸಿನಲ್ಲಿ ವಿಲೀನಗೊಳಿಸಿದರು, 2019ರಲ್ಲಿ ಅನರ್ಹರಾದರು. 2018ರಲ್ಲೇ ಕೊಳ್ಳೇಗಾಲದಿಂದ ಬಿಎಸ್‌ಪಿಯ ಏಕೈಕ ಶಾಸಕರಾಗಿ ಗೆದ್ದ ಎನ್. ಮಹೇಶ್ ಅವರನ್ನು ಪಕ್ಷ ಉಚ್ಚಾಟಿಸಿತು, ಅವರು ಮುಂದೆ ಬಿಜೆಪಿ ಸೇರಿದರು. ಪಕ್ಷಾಂತರ ನಿಷೇಧದಲ್ಲಿ ಮೂರನೇ ಎರಡರಷ್ಟು ಶಾಸಕರ ವಿಲೀನಕ್ಕೆ ವಿನಾಯಿತಿ ಇದೆ, ಒಬ್ಬನೇ ಶಾಸಕ ಇರುವಲ್ಲಿ ಆ ಒಬ್ಬನೇ ಬಹುಮತ. ಆದ್ದರಿಂದ ಗೆಲ್ಲುವ ಶಕ್ತಿಯೊಂದನ್ನೇ ನೋಡಿ, ಟಿಕೆಟ್ ವಂಚಿತರಾಗಿ ಕೊನೆಯ ವಾರ ಬಂದವರಿಗೆ ಬಿ ಫಾರಂ ಕೊಡಬಾರದು. ಎರಡು ವರ್ಷ ಕಚೇರಿಗಳಲ್ಲಿ ಜನರ ಜೊತೆ ಅಲೆದವರಿಗೆ ಕೊಡಿ.

ಮತಗಟ್ಟೆಯಲ್ಲಿ ನಿಮ್ಮವರೊಬ್ಬರು ಕೂರುವುದು ಭಾಷಣಕ್ಕಿಂತ ಮುಖ್ಯ. ಏಜೆಂಟರು ನಮೂನೆ 10 (ನೇಮಕ ಪತ್ರ) ಹಿಡಿದು ಅಣಕು ಮತದಾನದ ಹೊತ್ತಿಗೇ ಅಲ್ಲಿರಬೇಕು, ಮತ ಹಾಕಿದವರನ್ನು ಪಟ್ಟಿಯಲ್ಲಿ ಗುರುತಿಸುತ್ತಾ ಹೋಗಬೇಕು, ಸಂಜೆ ಮತಗಟ್ಟೆ ಅಧಿಕಾರಿಯಿಂದ ಚಲಾವಣೆಯಾದ ಮತಗಳ ಲೆಕ್ಕವಿರುವ ನಮೂನೆ 17ಸಿಯ ಪ್ರತಿಯನ್ನು ಸಹಿಯೊಂದಿಗೆ ಕೇಳಿ ಪಡೆಯಬೇಕು. ಒಂದು ಕ್ಷೇತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಮತಗಟ್ಟೆಗಳಿರುತ್ತವೆ. ಎಲ್ಲ ಕಡೆ ಜನ ಸಿಗದಿದ್ದರೆ ನಿಮ್ಮ ಕೆಲಸ ಗಟ್ಟಿಯಿರುವ ನಲವತ್ತು ಮತಗಟ್ಟೆಗಳಲ್ಲಿ ಕೂರಿಸಿ. ಆ ನಲವತ್ತರ ಅಂಕಿಗಳೇ ಮುಂದಿನ ಐದು ವರ್ಷದ ನಕ್ಷೆ.

ರಾಜ್ಯ ಪಕ್ಷವೆಂಬ ಮಾನ್ಯತೆಗೆ ಇರುವ ದಾರಿಗಳಲ್ಲಿ ಎರಡು: ವಿಧಾನಸಭೆಯಲ್ಲಿ ಶೇ 6 ಮತಗಳ ಜೊತೆಗೆ ಎರಡು ಸ್ಥಾನ, ಇಲ್ಲವೇ ಸ್ಥಾನವಿಲ್ಲದಿದ್ದರೂ ಶೇ 8 ಮತ. ಅದು ಎರಡನೆಯ ಅಥವಾ ಮೂರನೆಯ ಚುನಾವಣೆಯ ಮಾತು. ಮೊದಲ ಚುನಾವಣೆಯ ಮರುದಿನದ ಕೆಲಸ ಬೇರೆಯೇ ಇದೆ. ಪ್ರತಿ ಅಭ್ಯರ್ಥಿಯೂ ಫಲಿತಾಂಶದ 30 ದಿನಗಳೊಳಗೆ ಖರ್ಚಿನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು, ತಪ್ಪಿದರೆ ಮೂರು ವರ್ಷ ಸ್ಪರ್ಧಿಸುವಂತಿಲ್ಲ. ಪಕ್ಷದ ಲೆಕ್ಕ 75 ದಿನಗಳೊಳಗೆ ಆಯೋಗಕ್ಕೆ ಹೋಗಬೇಕು. ಸೋತ ಅಭ್ಯರ್ಥಿ ಈ ಹೊತ್ತಿಗೆ ಫೋನ್ ಎತ್ತುವುದನ್ನು ನಿಲ್ಲಿಸಿರುತ್ತಾನೆ. ಹಾಗಾಗಿ ಬಿಲ್ಲುಗಳನ್ನು ಮತದಾನದ ಹಿಂದಿನ ದಿನವೇ ಸಂಗ್ರಹಿಸಿ, ಲೆಕ್ಕ ಬರೆಯುವ ಕೆಲಸವನ್ನು ಅಭ್ಯರ್ಥಿಗೆ ಬಿಡದೆ ಕಚೇರಿಯ ಒಬ್ಬರಿಗೆ ನಾಮಪತ್ರದ ದಿನದಿಂದಲೇ ವಹಿಸಿಡಿ.